ಕ್ಲೈಡಿನಿಂದ ಪಾಂಡಿಗೆ ಒಂದು ಗಂಟೆ

ಹೊಸ ಅಮೌಟಿಯನ್ನು ತೊಟ್ಟು ಮನೆಯಿಂದ ಹೊರಬಿದ್ದ ಗಳಿಗೆಯಿಂದ ಲೀಟಿಯಾಳಿಗೆ ಬೆನ್ನ ಮೇಲೆ ಯಾರೋ ಕಣ್ಣಿಟ್ಟಂತೆ ಅನ್ನಿಸುತ್ತಿತ್ತು. ಕೂಸನ್ನು ಬೆನ್ನಿಗೆ ಹಾಕಿಕೊಂಡು ತಿರುಗಲೆಂದೇ ದೊಡ್ಡ ಟೋಪಿಯಿಟ್ಟು ಹೊಲಿಯುವ ಅಂಗಿ ಅದು. ಕೂಸು ಇನ್ನೂ ಬಂದಿರಲಿಲ್ಲ. ಖಾಲಿ ಟೋಪಿ ಹೆಗಲ ಹಿಂದೆ ಜೋತುಬಿದ್ದು ನಡೆದಂತೆಲ್ಲ ಮೆತ್ತಗೆ ಬಡಿಯುತ್ತಿತ್ತು. ಮಡಚಿ ಚೀಲದಲ್ಲಿ ತರಬಹುದಿತ್ತು. ಬಾಗಿಲಲ್ಲಿ ನಿಂತು ಹಾಗೆಂದು ಯೋಚಿಸಿಯೂ ಇದ್ದಳು. ಆದರೆ ನನ್ನ ಕೂಸನ್ನು ಕರೆತರಲು ನಾನು ಕಳ್ಳಿಯ ಹಾಗೆ ಯಾಕೆ ಹೋಗಬೇಕು ಎಂಬ ಹಟ ಎಲ್ಲಿಂದಲೋ ಎದ್ದು ಬಂದಿತ್ತು. ಈಗ, ಹಿಮ ಗಟ್ಟಿಯಾದ ಬೀದಿಯಲ್ಲಿ, ಅಂಗಡಿಯ ಮುಂದೆ ನಿಂತಿದ್ದ ಹೆಂಗಸರು ಕೈಬೀಸಿದಾಗ, ಆ ಹಟವೇ ಮೈಗೆ ಅಂಟಿದ ಬೇರೆ ಯಾರದೋ ಬಟ್ಟೆಯಂತೆ ಮುಜುಗರ ಮಾಡತೊಡಗಿತು.

"ಯಾವಾಗ ಹೆತ್ತೆಯೇ ಲೀಟಿಯಾ? ಹೊಟ್ಟೆ ಬಂದಿದ್ದೇ ಕಾಣಲಿಲ್ಲವಲ್ಲ!" ಎಂದು ಜೋಯಿಲಿ ಪಿಕಪ್ಪಿನ ಬಾಗಿಲು ತೆಗೆದು ನಗಾಡಿದ. ವಿಮಾನಕ್ಕೆ ಇಂಧನ ತುಂಬುವವನೂ ಸಾಮಾನು ಇಳಿಸುವವನೂ ಅವನೇ. ಅವಳು ನಿಲ್ದಾಣದ ಮೇಲಂತಸ್ತಿನ ರೇಡಿಯೋ ಕೋಣೆಯವಳು. ಊರಿನಿಂದ ನಿಲ್ದಾಣಕ್ಕೆ ದಿನವೂ ಅವನ ಗಾಡಿಯಲ್ಲೇ ಹೋಗುವುದು.

"ನಿನ್ನ ಹಾಗೆ ಹೊಟ್ಟೆ ಮುಂದಿಟ್ಕೊಂಡು ತಿರುಗಬೇಕಿತ್ತಾ? ಸುಮ್ನೆ ಓಡಿಸು."

"ಗಂಡುಮಗುವಂತೆ. ಗಂಡ ಹೋಗಿ ವರ್ಷ ತುಂಬೋದ್ರೊಳಗೆ ಇನ್ನೊಂದು ಗಂಡಸನ್ನ ಮನೆಗೆ ತಂದ್ಕೊಳ್ತಿದೀಯಲ್ಲ, ಗಟ್ಟಿಗಿತ್ತಿ."

ಅವಳು ನಕ್ಕಳು. ನಗು ಬಂದದ್ದಕ್ಕೆ ಒಂದು ಬಗೆಯ ಕೃತಜ್ಞತೆಯೂ ಆಯಿತು. ಅವಳ ಗಂಡ ಕೌನಾಕ್, ಹೋದ ಬೇಸಿಗೆಯಲ್ಲಿ ದೋಣಿ ಎಳೆಯುತ್ತಿದ್ದವನು, ಎದೆ ಹಿಡಿದುಕೊಂಡು ದಡದಲ್ಲೇ ಕೂತವನು ಏಳಲಿಲ್ಲ. ಮಣ್ಣು ಮಾಡಿದ ವಾರಕ್ಕೆ ಮಗಳು ಮಕ್ಪಾ ಇಲ್ಲಿ ಇರೋಕಾಗಲ್ಲ ಅಂದು ಉತ್ತರದ ಪಾಂಡ್ ಎಂಬ ಊರಿಗೆ, ಲೀಟಿಯಾಳ ತಂಗಿ ಊಲೂಟಿಯ ಮನೆಗೆ ಹೋದಳು. ಅಲ್ಲಿ ಅಂಗಡಿಯಲ್ಲಿ ಕೆಲಸ, ಅಲ್ಲೇ ಯಾರೋ ಒಬ್ಬ ಹುಡುಗ, ಅವನು ಆಮೇಲೆ ದಕ್ಷಿಣದ ಗಣಿಗೆ ಹೋಗಿ ಸುದ್ದಿಯೇ ಇಲ್ಲದಂತಾದದ್ದು. ಕ್ರಿಸ್‌ಮಸ್ಸಿಗೆ ಬಂದಾಗ ಮಕ್ಪಾಳ ಹೊಟ್ಟೆ ಕಾಣುತ್ತಿತ್ತು. ಲೀಟಿಯಾ ನೆಲದ ಮೇಲೆ ಕೂತು ಸೀಲ್ ಚರ್ಮ ಕತ್ತರಿಸುತ್ತಿದ್ದಳು. ಹುಡುಗಿ ಎದುರಿಗೆ ಬಂದು ಕೂತು, ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಕೊನೆಗೆ ಹೊಟ್ಟೆಯ ಮೇಲೆ ಕೈಯಿಟ್ಟು, "ಇದು ನಿನಗೆ, ಮೊಮ್ಮಗಳೇ. ನೀನೇ ಸಾಕ್ಕೋ," ಅಂದಿದ್ದಳು. ಮಕ್ಪಾ ಎಂಬುದು ಲೀಟಿಯಾಳ ಅಜ್ಜಿಯ ಹೆಸರು. ಹೆಸರಿನ ಜೊತೆ ಮನುಷ್ಯರೂ ಮರಳಿ ಬರುತ್ತಾರೆಂದು ನಂಬುವ ಆ ಊರಲ್ಲಿ ಲೀಟಿಯಾ ಮಗಳನ್ನು ಹುಟ್ಟಿದಂದಿನಿಂದ ಅಜ್ಜೀ ಎಂದೇ ಕರೆದಳು, ಮಾತು ಬಂದಂದಿನಿಂದ ಮಗಳು ಅವಳನ್ನು ಮೊಮ್ಮಗಳೇ ಎಂದು ಕರೆದಳು. ಅದು ತಮಾಷೆ ಅಲ್ಲ. ಬೈಯುವಾಗಲೂ ಹಾಗೇ ಬೈದುಕೊಂಡದ್ದು.

ಕೋಣೆಯಲ್ಲಿ ಅಮೌಟಿಯನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು, ಮತ್ತೆ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿದಳು. ಕಿಟಕಿಯ ಆಚೆ ಜಲ್ಲಿಯ ಓಡುದಾರಿ, ಅದರಾಚೆ ಹೆಪ್ಪುಗಟ್ಟಿದ ಕೊಲ್ಲಿ. ಬಾಫಿನ್ ದ್ವೀಪದ ಆ ಅಂಚಿನಲ್ಲಿ ಏಪ್ರಿಲ್ ಕೊನೆಗೆ ಬೆಳಕು ರಾತ್ರಿಯೂ ಪೂರ್ತಿ ಹೋಗುವುದಿಲ್ಲ. ವಿಮಾನ ಇಕಲುಯಿಟ್‌ನಿಂದ ಬಂದು, ಇಲ್ಲಿ ಕ್ಲೈಡಿನಲ್ಲಿ ಇಂಧನ ತುಂಬಿಕೊಂಡು, ಮುಂದೆ ಪಾಂಡಿಗೆ ಹೋಗುತ್ತದೆ. ಹೆರಿಗೆಗೆ ಇಕಲುಯಿಟ್‌ನ ಆಸ್ಪತ್ರೆಗೆ ಹೋಗಿದ್ದ ಮಕ್ಪಾ ಕೂಸಿನೊಡನೆ ಅದರಲ್ಲೇ ಬರುವವಳಿದ್ದಳು. ಕ್ಲೈಡಿನಿಂದ ಪಾಂಡಿಗೆ ನಾನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ, ಒಂದು ಗಂಟೆಯ ಹಾರಾಟ. ಇಪ್ಪತ್ತೆರಡು ವರ್ಷದಿಂದ ಕೇಳಿದವರಿಗೆಲ್ಲ ಅವಳು ಇದನ್ನೇ ಹೇಳಿದ್ದಾಳೆ. ದಕ್ಷಿಣದ ಹುಡುಗರಾದ ಪೈಲಟ್‌ಗಳು, ಓಹ್, ಪಕ್ಕದ ಮನೆ, ಅನ್ನುತ್ತಾರೆ. ಅವರ ಪಕ್ಕದ ಮನೆಗೆ ಮೋಡ ಇಳಿದರೆ ವಾರಗಟ್ಟಲೆ ಹೋಗುವ ಹಾಗಿಲ್ಲ; ರಸ್ತೆ ಇಲ್ಲ; ಸ್ನೋಮೊಬೈಲಿನಲ್ಲಿ ಕಡಲಹಿಮದ ಮೇಲೆ ಹೋದರೆ ದಾರಿಯಲ್ಲಿ ನಾಲ್ಕು ಸಲ ಮಲಗಿ ಏಳಬೇಕು. ಅವಳಿಗೆ ಪಾಂಡ್ ಎಂದರೆ ರೇಡಿಯೋದಲ್ಲಿ ಬರುವ ಒಂದು ದನಿ, ಇಷ್ಟು ಗಾಳಿ, ಇಷ್ಟು ಮೋಡ. ಹೋಗಬೇಕು ಅಂದುಕೊಂಡಾಗಲೆಲ್ಲ ಕೌನಾಕನೇ ಹೋಗಿಬಂದ. ಅವನು ಬೇಟೆಗಾರ, ವಸಂತದಲ್ಲಿ ಅಲ್ಲಿಯ ಹಿಮದಂಚಿಗೆ ತಿಮಿಂಗಿಲ ಬರುತ್ತದೆ. ಮಕ್ಪಾಳನ್ನು ತಂದವನೂ ಅವನೇ. ಮಕ್ಕಳಾಗದ ಅಕ್ಕನಿಗೆ ತಂಗಿ ತನ್ನ ಮೊದಲ ಕೂಸನ್ನು ಕೊಟ್ಟಳು, ಕೌನಾಕ್ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ. ಮೆಟ್ಟಿಲಿಳಿಯುತ್ತ ಅವನು, "ಒಂದು ಗಂಟೆ ಪೂರಾ ಅತ್ತಳು ಕಣೇ ನಿನ್ನಜ್ಜಿ, ಬಿಳಿಯರೆಲ್ಲ ಕಿವಿ ಮುಚ್ಕೊಂಡಿದ್ರು," ಎಂದು ನಕ್ಕದ್ದು, ಅವನ ಮುಖದ ಮೇಲಿದ್ದ ಆ ಬೆಳಕು. ಇಷ್ಟು ಸಂತೋಷ ತನಗಾಗಿ ಎಂದುಕೊಂಡಿದ್ದಳು ಅವಳು. ಆ ಕೂಸಿಗಾಗಿ ತಂಗಿಗೆ ಇಪ್ಪತ್ತು ವರ್ಷ ಕೃತಜ್ಞಳಾಗಿದ್ದಳು. ಪ್ರತಿ ಚಳಿಗಾಲಕ್ಕೆ ಅವಳಿಗೊಂದು ಜೊತೆ ಸೀಲ್ ಚರ್ಮದ ಕಾಮಿಕ್ ಬೂಟು ಹೊಲಿದು ಕಳಿಸಿದ್ದಳು.

"ಕ್ಲೈಡ್, ಹತ್ತು ನಿಮಿಷದಲ್ಲಿ ಇಳೀತೀವಿ," ಎಂದಿತು ಪೈಲಟ್‌ನ ದನಿ. "ನಿಮ್ಮಲ್ಲಿ ಇಳಿಯೋರು ಮೂವರು. ಉಳಿದವರು ಪಾಂಡಿಗೆ."

ಮೂವರು. ಮಕ್ಪಾ, ಕೂಸು, ಮತ್ತೊಬ್ಬರು ಯಾರೋ. ಗಾಳಿ ಸಣ್ಣಗೆ ಎದ್ದಿತ್ತು, ಓದಿ ಹೇಳಿದಳು. ವಿಮಾನ ಜಲ್ಲಿಯ ಮೇಲೆ ಕುಪ್ಪಳಿಸಿ ನಿಂತಿತು. ಅವಳು ಕಿಟಕಿಗೆ ಹಣೆ ಒತ್ತಿ ನೋಡಿದಳು. ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಮುದುಕ ಇಳಿದ. ಅವನ ಹಿಂದೆ ಉಪಕರಣಗಳ ಪೆಟ್ಟಿಗೆ ಹಿಡಿದ ಇಬ್ಬರು ಕೆಲಸಗಾರರು ಇಳಿದರು. ಅಷ್ಟೇ. ಬಾಗಿಲು ತೆರೆದೇ ಇತ್ತು, ಮೆಟ್ಟಿಲು ಖಾಲಿ ಇತ್ತು.

ಮೊಳೆಯಿಂದ ಅಮೌಟಿಯನ್ನು ಕಿತ್ತುಕೊಂಡು ಕೆಳಗಿಳಿದಾಗ ಜೋಯಿಲಿ ಇಂಧನದ ಕೊಳವೆ ಹಿಡಿದು ನಿಂತಿದ್ದ. ಈ ಸಲ ಅವನು ನಗಾಡಲಿಲ್ಲ. "ನಿನ್ನ ಹುಡುಗಿ ಒಳಗೇ ಕೂತಿದಾಳೆ. ನಿದ್ದೆ ಬಂದಿರ್ಬೇಕು," ಎಂದು ಬೇರೆ ಕಡೆ ನೋಡಿದ. ಆ ಕರುಣೆ ಅವಳನ್ನು ತಮಾಷೆಗಿಂತ ಹೆಚ್ಚು ಚುಚ್ಚಿತು. ಅವಳು ಮೆಟ್ಟಿಲು ಹತ್ತಿದಳು. ಮಕ್ಪಾ ನಾಲ್ಕನೆಯ ಸಾಲಿನಲ್ಲಿ, ಕಿಟಕಿಯ ಪರದೆ ಎಳೆದುಕೊಂಡು, ಎದೆಗೆ ಗಂಟೊಂದನ್ನು ಅವಚಿಕೊಂಡು ಕೂತಿದ್ದಳು. ನಿದ್ದೆ ಇರಲಿಲ್ಲ.

"ಇಳಿಯಲ್ವಾ ಅಜ್ಜೀ?"

"ಟಿಕೆಟ್ ಪಾಂಡಿಗಿದೆ."

"ಟಿಕೆಟ್ ಯಾರು ಕೇಳಿದ್ರು?"

ಮಕ್ಪಾ ಗಂಟಿನೊಳಗಿನ ಮುಖವನ್ನೇ ನೋಡುತ್ತ ಮಾತಾಡಿದಳು. "ಫೋನ್ ಮಾಡಬೇಕು ಅಂತ ದಿನಾ ಅಂದ್ಕೊಂಡೆ, ಲೀಟಿಯಾ. ಆಗಲಿಲ್ಲ. ಇವನನ್ನ ಊಲೂಟಿಗೆ ಕೊಡ್ತಿದೀನಿ."

ಲೀಟಿಯಾ. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. ಹೇಳಿದ ಮಿಕ್ಕ ಮಾತು ಇನ್ನೂ ಒಳಗೆ ಇಳಿಯುವ ಮುಂಚೆ ಹೆಸರು ಇಳಿದುಬಿಟ್ಟಿತು. ಪಕ್ಕದ ಸೀಟಿನ ಗಂಡಸು ತನ್ನ ಮೊಣಕಾಲನ್ನು ತೀರ ಆಸಕ್ತಿಯಿಂದ ನೋಡತೊಡಗಿದ. "ಹೆಸರಿಟ್ಟಿದೀಯಾ?" ಎಂದು ಕೇಳಿದಳು ಲೀಟಿಯಾ, ಬೇರೇನೂ ಕೇಳಲು ಹೊಳೆಯಲಿಲ್ಲ.

"ಕೌನಾಕ್."

ನನ್ನ ಗಂಡನ ಹೆಸರು, ಎಂದುಕೊಂಡಳು. ನನ್ನ ಗಂಡ. ಅವನು ಈಗ ನನ್ನ ಊರಿನಲ್ಲಿ ನಿಂತ ವಿಮಾನದಿಂದ ಇಳಿಯದೆ ಮುಂದಕ್ಕೆ ಹೋಗುತ್ತಿದ್ದಾನೆ. ಅಷ್ಟರಲ್ಲಿ ಗಗನಸಖಿ ಹಿಂದಿನಿಂದ ಬಂದು, ತುಂಬ ವಿನಯದಿಂದ, ಪ್ರಯಾಣಿಕರಲ್ಲದವರು ಒಳಗಿರುವ ಹಾಗಿಲ್ಲ, ನೀವು ಮುಂದಕ್ಕೆ ಬರುವವರೇ ಎಂದು ಕೇಳಿದಳು. ಇಲ್ಲ, ಎಂದಳು ಲೀಟಿಯಾ. ಇಳಿಯುವಾಗ ಅಮೌಟಿಯ ಟೋಪಿ ಬಾಗಿಲ ಹಿಡಿಗೆ ಸಿಕ್ಕಿಕೊಂಡಿತು. ಎಲ್ಲರೂ ನೋಡುತ್ತಿದ್ದಂತೆ ತಡಕಾಡಿ ಬಿಡಿಸಿಕೊಂಡಳು.

ಕೋಣೆಗೆ ಮರಳಿದಾಗ ಗಾಳಿಯ ಮಾಪಕದ ಮುಳ್ಳು ಹಾರಾಡುತ್ತಿತ್ತು. ಮೆಟ್ಟಿಲು ಹತ್ತುತ್ತ ಅವಳು ಬೇಡಿಕೊಂಡಿದ್ದಳು, ಎದ್ದೇಳು, ಇವಳನ್ನು ಹೋಗಲು ಬಿಡಬೇಡ ಎಂದು. ಯಾರನ್ನು ಬೇಡಿದಳೋ ಅವಳಿಗೇ ಗೊತ್ತಿರಲಿಲ್ಲ, ಆದರೆ ಗಾಳಿ ಎದ್ದಿತ್ತು, ಓಡುದಾರಿಗೆ ಅಡ್ಡಲಾಗಿ, ಹಿಮದ ಪುಡಿಯನ್ನು ಎಬ್ಬಿಸುತ್ತ. ಮುಳ್ಳು ಇಪ್ಪತ್ತರ ಆಚೆ ಹೋಗಿ, ಮೂವತ್ತೈದು ಮುಟ್ಟಿ, ಮತ್ತೆ ಇಳಿಯುತ್ತಿತ್ತು. ಪೈಲಟ್ ಕೇಳಿದ. ಅವಳು ಎರಡನ್ನೂ ಹೇಳಿದಳು, ಸಾಧಾರಣ ವೇಗ ಇಷ್ಟು, ಬೀಸು ಬಂದಾಗ ಇಷ್ಟು. ಅದು ನಿಯಮ. ಆದರೆ ಎರಡನೆಯದನ್ನು ಹೇಳುವಾಗ ದನಿ ತುಸು ಏರಿತೇ? ಮುಳ್ಳು ಮೇಲೆ ಹೋಗುವವರೆಗೆ ತಾನು ಉಸಿರು ಬಿಗಿಹಿಡಿದು ಕಾದಳೇ? "ಇವತ್ತಿಗೆ ಬೇಡ. ನಾಳೆ ನೋಡೋಣ," ಎಂದ ಅವನು. ಎಂಜಿನ್ನುಗಳು ನಿಂತವು. ಅವಳಿಗೆ ಗೆದ್ದಂತೆ ಅನ್ನಿಸಲಿಲ್ಲ. ಸುಳ್ಳು ಹೇಳದೆಯೂ ಸುಳ್ಳು ಹೇಳಿದವಳ ಹಾಗೆ ಮುಳ್ಳನ್ನು ಇನ್ನೊಮ್ಮೆ ನೋಡಿದಳು.

ಪ್ರಯಾಣಿಕರೆಲ್ಲ ನಿಲ್ದಾಣದ ಒಂದೇ ಕೋಣೆಯಲ್ಲಿ ತುಂಬಿಕೊಂಡು ಫೋನಿಗಾಗಿ ಸಾಲು ನಿಂತಿದ್ದರು. ಮಕ್ಪಾ ಮೂಲೆಯಲ್ಲಿ ನಿಂತಿದ್ದವಳು ಲೀಟಿಯಾ ಹತ್ತಿರ ಬರುವವರೆಗೆ ಕಾದು, ಎಲ್ಲರಿಗೂ ಕೇಳುವಂತೆ ಕೇಳಿದಳು:

"ನಿಜ ಹೇಳು. ಗಾಳಿ ಅಷ್ಟಿತ್ತಾ?"

ಜೋಯಿಲಿ ಬಾಗಿಲಲ್ಲಿ ಹಿಮ ಕೊಡವುತ್ತಿದ್ದ. "ಏನೇ ಹುಡುಗಿ, ಹೊರಗೆ ಹೋಗಿ ನಿಂತ್ಕೋ, ನೀನೇ ಹಾರಿಹೋಗ್ತೀಯ," ಎಂದ. ಆದರೆ ಮಕ್ಪಾ ಲೀಟಿಯಾಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಇಪ್ಪತ್ತೆರಡು ವರ್ಷ ಮಂಜಿನಲ್ಲಿ ಇಳಿಯುವವರೂ ಬಿರುಗಾಳಿಯಲ್ಲಿ ಏರುವವರೂ ಲೀಟಿಯಾಳ ಒಂದು ಮಾತಿನ ಮೇಲೆ ಪ್ರಾಣವಿಟ್ಟಿದ್ದರು. ಒಬ್ಬರೂ ಇದನ್ನು ಕೇಳಿರಲಿಲ್ಲ. "ಇತ್ತು," ಎಂದಳು, ಮತ್ತು ತನ್ನ ದನಿ ತನಗೇ ನಂಬುವಂತೆ ಕೇಳಿಸಲಿಲ್ಲ. "ಕೂಸಿಗೆ ಚಳಿಯಾಗುತ್ತೆ. ಮನೆಗೆ ನಡಿ."

ಸುದ್ದಿ ಅವರಿಗಿಂತ ಮೊದಲೇ ಊರು ಮುಟ್ಟಿತ್ತು. ಲೀಟಿಯಾ ಚಾರ್ ಮೀನಿನ ಸಾರು ಒಲೆಯ ಮೇಲಿಟ್ಟು, ಬೆಳಿಗ್ಗೆ ಮಾಡಿಟ್ಟಿದ್ದ ಬಾನಕ್ ರೊಟ್ಟಿಯನ್ನು ಬಿಸಿ ಮಾಡುವಷ್ಟರಲ್ಲಿ ಜನ ಬರತೊಡಗಿದರು. ಬಾಗಿಲು ತಟ್ಟುವ ಪದ್ಧತಿ ಅಲ್ಲಿಲ್ಲ; ಬೂಟು ಬಿಚ್ಚುವುದು, ಒಳಗೆ ಬರುವುದು, ಹೊಸದಾಗಿ ಹುಟ್ಟಿದವನ ಕೈ ಕುಲುಕುವುದು. ಸತ್ತು ಹತ್ತು ತಿಂಗಳಾದ ಕೌನಾಕನನ್ನು ಮತ್ತೆ ನೋಡಿದ ಖುಷಿ ಎಲ್ಲರಿಗೂ. ಅವನ ಜೊತೆ ಬೇಟೆಗೆ ಹೋಗುತ್ತಿದ್ದವನೊಬ್ಬ ಕೂಸಿನ ಬೆರಳು ಹಿಡಿದು, "ನನ್ನ ಬಂದೂಕು ವಾಪಸ್ ಕೊಡದೇ ಹೋದ್ಯಲ್ಲೋ, ಈಗ ಬಂದ್ಯಾ?" ಎಂದು ಬೈದ; ಅವನ ಕಣ್ಣಲ್ಲಿ ನೀರಿತ್ತು. ಎಲ್ಲರೂ ನಕ್ಕರು. ಲೀಟಿಯಾ ಚಹಾ ಬಗ್ಗಿಸುತ್ತಿದ್ದಳು. ಯಾರೂ ಕೇಳಲಿಲ್ಲ, ಕೂಸು ಇಲ್ಲೇ ಇರುತ್ತದೆಯೋ ಹೋಗುತ್ತದೆಯೋ ಎಂದು. ವಿಮಾನದಲ್ಲಿ ಪಕ್ಕದ ಸೀಟಿನವನು ಎಲ್ಲರಿಗೂ ಹೇಳಿರಬೇಕು. ಬಾಗಿಲ ಬಳಿ ಮೊಳೆಯಲ್ಲಿ ಅಮೌಟಿ ತೂಗುತ್ತಿತ್ತು. ಬಂದವರು ತಮ್ಮ ಅಂಗಿಗಳನ್ನು ಅದರ ಮೇಲೆ ಹಾಕುತ್ತಿರಲಿಲ್ಲ, ನೆಲಕ್ಕೆ ಹಾಕುತ್ತಿದ್ದರು.

"ಕರೀ ಒಂದ್ಸಲ," ಎಂದಳು ಉಲಾಯುಕ್. ಆಚೆಮನೆಯ ಮುದುಕಿ, ಊರಿನ ಅರ್ಧ ಜನರ ಹೆರಿಗೆ ಮಾಡಿಸಿದವಳು, ಒಂದೂ ಹಲ್ಲಿಲ್ಲದ ಬಾಯಿ. "ನಿನ್ನ ಗಂಡ ಅಲ್ವೇನೇ? ಗಂಡಾ ಅಂತ ಕರೀ. ನಿನ್ನ ದನಿ ಕೇಳಿದ್ರೆ ತಿರುಗಿ ನೋಡ್ತಾನೆ."

"ನಿದ್ದೆಯಲ್ಲಿದಾನೆ," ಎಂದಳು ಲೀಟಿಯಾ.

"ಬದುಕಿದ್ದಾಗಲೂ ಅವನದು ನಿದ್ದೇನೇ." ಮುದುಕಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಟ್ಟೆ ಬಿಚ್ಚತೊಡಗಿದಳು. ಸಣ್ಣ ಉಣ್ಣೆಯ ಕಾಲುಚೀಲ ಎಳೆದಳು. ಎಡಗಾಲು. ಎರಡನೆಯ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿತ್ತು. "ಅಯ್ಯಯ್ಯೋ ನೋಡ್ರೇ!" ಎಂದು ಉಲಾಯುಕ್ ತೊಡೆ ಕುಣಿಸಿ ನಕ್ಕಳು. "ಕೌನಾಕನೇ! ಬೆರಳನ್ನೂ ಕಟ್ಕೊಂಡು ಬಂದಿದಾನೆ!"

ಮನೆ ತುಂಬ ನಗು ಎದ್ದಿತು. ಲೀಟಿಯಾಳೂ ಬಗ್ಗಿ ನೋಡಿದಳು. ಆ ಬೆರಳಿಗಾಗಿ ಕೌನಾಕನ ಎಡಗಾಲಿನ ಬೂಟನ್ನು ಮುಂದೆ ತುಸು ಅಗಲವಾಗಿ ಕತ್ತರಿಸಬೇಕಿತ್ತು. ಮದುವೆಯಾದ ಮೊದಲ ವರ್ಷ ಅದನ್ನು ತಿಳಿಯದೆ ಹೊಲಿದು ಅವನ ಕಾಲಿಗೆ ಹುಣ್ಣಾಗಿತ್ತು. ಆಮೇಲೆ ಕೈಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಅಳೆಯದೆ ಕತ್ತರಿ ತಾನಾಗಿ ಹೊರಳುತ್ತಿತ್ತು. ಹೆಸರಿನ ಜೊತೆ ಬರುತ್ತದೆ, ನಡಿಗೆ, ಕೋಪ, ಮಚ್ಚೆ, ಬೆರಳೂ ಬರಬಹುದು. ಆಗ ಅವಳ ಕಣ್ಣು, ತಾನಾಗಿ, ಒಲೆಯ ಹತ್ತಿರ ಕಾಲು ಚಾಚಿ ಕೂತಿದ್ದ ಮಕ್ಪಾಳ ಕಡೆ ಹೋಯಿತು. ಬರಿಗಾಲು. ಎಡಗಾಲು. ಮಕ್ಪಾ ಅದೇ ಕ್ಷಣ ಕಾಲನ್ನು ಮಡಚಿ ಲಂಗದ ಕೆಳಗೆ ಎಳೆದುಕೊಂಡಳು. ಮತ್ತು ಲೀಟಿಯಾ ತಲೆಯೆತ್ತಿದಾಗ ನೋಡಿದ್ದು ಇದು: ಉಲಾಯುಕ್‌ಳ ನಗು ಬಾಯಲ್ಲೇ ನಿಂತಿತ್ತು, ಬೇಟೆಯ ಗೆಳೆಯ ಬಟ್ಟಲಿನೊಳಗೆ ನೋಡುತ್ತಿದ್ದ, ಒಬ್ಬ ಹೆಂಗಸು ಇದ್ದಕ್ಕಿದ್ದಂತೆ ಮಗುವಿನ ತೂಕ ಎಷ್ಟು ಎಂದು ಕೇಳಿದಳು. ಎಲ್ಲರಿಗೂ ಗೊತ್ತಿತ್ತು. ಇವರಿಗೆಲ್ಲ ಯಾವ ಕಾಲದಿಂದಲೋ ಗೊತ್ತಿತ್ತು, ಮತ್ತು ಅವಳ ಚಹಾ ಕುಡಿಯುತ್ತ, ಅವಳ ಮೀನು ತಿನ್ನುತ್ತ, ಅವಳ ಮೇಲಿನ ಪ್ರೀತಿಯಿಂದಲೇ, ಸುಮ್ಮನಿದ್ದರು.

ಮಕ್ಪಾ ನಡೆಯಲು ಕಲಿತ ವರ್ಷ ಅವಳಿಗೆ ಮೊದಲ ಕಾಮಿಕ್ ಹೊಲಿದದ್ದು. ಎಡಗಾಲು ಮುಂದೆ ಅಗಲ. ಕೌನಾಕ್ ಎದುರಿಗೇ ಕೂತು ಬಂದೂಕು ಒರೆಸುತ್ತಿದ್ದ. "ಇವಳಿಗೂ ನಿನ್ನ ಹಾಗೇ ಬೆರಳು," ಎಂದಿದ್ದಳು ಲೀಟಿಯಾ, ಮೋಜಿಗೆ. ಅವನು ಒರೆಸುವುದನ್ನು ನಿಲ್ಲಿಸಲಿಲ್ಲ. "ನಿನ್ನಜ್ಜಿಗೂ ಹೀಗೇ ಇತ್ತಂತಲ್ಲ," ಎಂದ. ಅಜ್ಜಿಯ ಬರಿಗಾಲನ್ನು ಅವಳು ಎಂದೂ ಕಂಡಿರಲಿಲ್ಲ. ಇರಬೇಕು ಅಂದುಕೊಂಡಳು. ಗಂಡನ ಬೂಟಿನ ಅಚ್ಚನ್ನೇ ಚಿಕ್ಕದು ಮಾಡಿ ಮಗಳಿಗೆ ಕತ್ತರಿಸಿದಳು, ವರ್ಷ ವರ್ಷವೂ, ಇಪ್ಪತ್ತು ವರ್ಷ. ಕೈಗೆ ಗೊತ್ತಿತ್ತು. ಕೈ ಎಂದೂ ತಪ್ಪಲಿಲ್ಲ. ಇನ್ನು ಆ ಏಪ್ರಿಲ್, ಮಕ್ಪಾ ಹುಟ್ಟುವುದಕ್ಕೆ ಒಂಬತ್ತು ತಿಂಗಳು ಮುಂಚಿನದು. ರೇಡಿಯೋ ಕೋಣೆಯಲ್ಲಿ ಅವಳು ಇನ್ನೂ ಹೊಸಬಳು. ಕೌನಾಕ್ ಸ್ನೋಮೊಬೈಲು ಹತ್ತಿ ಪಾಂಡಿಗೆ ಹೊರಟ, ಎರಡು ವಾರಕ್ಕೆ ಬರುತ್ತೇನೆಂದು. ತಿಂಗಳು ದಾಟಿ ಬಂದ, ಮುಖವೆಲ್ಲ ಬಿಸಿಲಿಗೆ ಕಪ್ಪಾಗಿ. "ಹವಾ ಕೈಕೊಟ್ಟಿತು ಕಣೇ. ಪಾಂಡಿನಲ್ಲಿ ದಿನಾ ಬಿರುಗಾಳಿ, ಹೊರಗೆ ಕಾಲಿಡೋ ಹಾಗಿರಲಿಲ್ಲ." ಹೂಂ ಎಂದು ಅವಳು ಬಿಸಿನೀರು ಕೊಟ್ಟಳು. ಆ ತಿಂಗಳಿಡೀ ದಿನ ಬೆಳಿಗ್ಗೆ ಪಾಂಡಿನ ದನಿ ಅವಳ ಕಿವಿಯಲ್ಲೇ ಹೇಳಿತ್ತು: ಗಾಳಿ ಇಲ್ಲ, ಮೋಡ ಇಲ್ಲ. ಬಿಸಿಲಿಲ್ಲದ ಬಿರುಗಾಳಿಯಲ್ಲಿ ಮುಖ ಹೇಗೆ ಕಪ್ಪಾಯಿತು? ಪಾಂಡಿನವನು ಸರಿಯಾಗಿ ನೋಡುವುದಿಲ್ಲ, ಸೋಮಾರಿ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆ ಬಡಪಾಯಿಯನ್ನು ಬಹಳ ಕಾಲ ತಾತ್ಸಾರದಿಂದ ಮಾತಾಡಿಸಿದಳು. ಗಂಡನ ಮಾತು ಉಳಿಸಿಕೊಳ್ಳಲು ಆಕಾಶವನ್ನೇ ಸುಳ್ಳುಗಾರನನ್ನಾಗಿ ಮಾಡಿದಳು.

ಜನ ಒಬ್ಬೊಬ್ಬರಾಗಿ ಎದ್ದರು. ಉಲಾಯುಕ್ ಬೂಟು ಹಾಕಿಕೊಳ್ಳುತ್ತ, ಏನೋ ಹೇಳಬೇಕೆಂದು ಲೀಟಿಯಾಳ ತೋಳು ಹಿಡಿದಳು. ಹೇಳಿದ್ದು, "ಸಾರಿಗೆ ಉಪ್ಪು ಸರಿಯಾಗಿತ್ತು," ಎಂದು.

ಮನೆಯಲ್ಲಿ ಮೂವರೇ ಉಳಿದರು. ಮಕ್ಪಾ ಹಾಲೂಡುತ್ತಿದ್ದಳು. ಲೀಟಿಯಾ ಬಟ್ಟಲು ತೊಳೆದು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿ, ಕೇಳಿದಳು: "ಯಾವಾಗಿಂದ ಗೊತ್ತು ನಿನಗೆ?"

"ಹೋದ ಬೇಸಿಗೆಯಿಂದ. ಮಣ್ಣಾದ ಮೇಲೆ ಪಾಂಡಿಗೆ ಹೋದ್ನಲ್ಲ, ಆಗ. ಊಲೂಟಿ ಊಟ ಬಿಟ್ಟು ಮಲಗಿಬಿಟ್ಟಿದ್ಳು. ಅಕ್ಕನ ಗಂಡ ಸತ್ತಿದ್ದಕ್ಕೆ ಯಾರಾದ್ರೂ ಹಾಗೆ ಮಲಗ್ತಾರಾ? ಕೇಳಿದೆ. ಹೇಳಿಬಿಟ್ಳು."

"ಹಾಗಾದ್ರೆ ಕ್ರಿಸ್‌ಮಸ್ಸಿಗೆ ಬಂದಾಗ..."

"ಹೇಳಬೇಕು ಅಂತಲೇ ಬಂದಿದ್ದೆ. ನೀನು ನೆಲದ ಮೇಲೆ ಕೂತು ಚರ್ಮ ಕತ್ತರಿಸ್ತಿದ್ದೆ. ನನ್ನ ಬೂಟಿಗೆ. ನೋಡ್ದೇನೆ ಕತ್ತರಿ ತಿರುಗಿಸ್ತಿದ್ದೆ." ಮಕ್ಪಾ ಕೂಸನ್ನು ಇನ್ನೊಂದು ಬದಿಗೆ ಹೊರಳಿಸಿಕೊಂಡಳು. "ನನಗೆ ಬಾಯಿಗೆ ಬಂದಿದ್ದು ಬೇರೆ. ಕೂಸು ನಿನಗೆ ಅಂದ್ಬಿಟ್ಟೆ. ಅಂದಿದ್ದು ಸುಳ್ಳಲ್ಲ, ಆವಾಗ."

"ಈಗ?"

"ಅವಳ ಹತ್ರ ಅವನದು ಅಂತ ಏನೂ ಇಲ್ಲ. ಒಂದು ಫೋಟೋನೂ ಇಲ್ಲ. ಅಳೋಕೂ ಆಗಲಿಲ್ಲ ಅವಳಿಗೆ, ಊರಿನ ಮುಂದೆ. ನಿನಗೆ ನಾನಿದ್ದೆನಲ್ಲ. ಇಪ್ಪತ್ತು ವರ್ಷ ಇದ್ದೆನಲ್ಲ."

ಮಗಳು ಅದನ್ನು ಸಮಾಧಾನವೆಂದೇ ಹೇಳಿದ್ದಳು. ಲೀಟಿಯಾಳಿಗೆ ಅದು ಹೇಗೆ ಕೇಳಿಸಿತೆಂದರೆ, ಇಷ್ಟು ಕಾಲ ತನ್ನದೆಂದು ತೊಟ್ಟದ್ದು ತಂಗಿಯಿಂದ ಎರವಲು ತಂದ ಅಂಗಿಯಂತೆ, ಎಲ್ಲರೂ ಅದನ್ನು ಗುರುತು ಹಿಡಿದಿದ್ದರಂತೆ. "ಅಮ್ಮ ಅಂತೀಯಾ ಅವಳನ್ನ?" ಎಂದು ಕೇಳಿದಳು. ಕೇಳಬಾರದಿತ್ತು.

"ಇಲ್ಲ. ನಿಮ್ಮಿಬ್ಬರಲ್ಲಿ ಯಾರನ್ನೂ ಏನೂ ಅನ್ನೋಕಾಗ್ತಿಲ್ಲ ನನಗೆ."

ಆ ರಾತ್ರಿ ಲೀಟಿಯಾ ಕೌನಾಕನ ಮೇಲೆ ಸಿಟ್ಟು ಮಾಡಲು ಪ್ರಯತ್ನಿಸಿದಳು. ಅವನ ಮುಖ ಕಣ್ಣಿಗೆ ಕಟ್ಟಲಿಲ್ಲ; ವಿಮಾನದ ಮೆಟ್ಟಿಲಿಳಿಯುವಾಗಿನ ಆ ಬೆಳಕು ಮಾತ್ರ ಬಂತು, ಅದು ತನಗಾಗಿ ಇರಲಿಲ್ಲ ಎಂಬುದೂ ಬಂತು. ಗೋಡೆಯಾಚೆ ಕೂಸು ಅಳುತ್ತಿತ್ತು, ನಿಲ್ಲಿಸುತ್ತಿತ್ತು.

ಬೆಳಿಗ್ಗೆ ಗಾಳಿ ಎಲ್ಲಿತ್ತೆಂಬ ಗುರುತೂ ಇರಲಿಲ್ಲ. ಜೋಯಿಲಿಯ ಪಿಕಪ್ಪಿನಲ್ಲಿ ಹೊರಟರು. ಅವನು ದಾರಿಯುದ್ದಕ್ಕೂ ತನ್ನ ಹಾಳು ಹೀಟರನ್ನು ಬೈಯುತ್ತಿದ್ದ. ನಿಲ್ದಾಣದಲ್ಲಿ ಮಕ್ಪಾ ಕೂಸಿನೊಡನೆ ಮೇಲಂತಸ್ತಿಗೆ ಬಂದಳು. ಚಿಕ್ಕವಳಿದ್ದಾಗ ದಿನವೂ ಇಲ್ಲಿ ಬಂದು ಕುರ್ಚಿಯ ಮೇಲೆ ಸುತ್ತುತ್ತಿದ್ದವಳು. ಈಗ ಹೊಸ್ತಿಲಾಚೆಯೇ ನಿಂತು ಕೂಸನ್ನು ಮುಂದೆ ಚಾಚಿದಳು. "ಕೈ ಕುಲುಕಿ ಕಳಿಸು," ಎಂದಳು.

ಲೀಟಿಯಾ ಆ ಬೆಚ್ಚಗಿನ, ಏನೂ ಅರಿಯದ ಮುಷ್ಟಿಯನ್ನು ಹಿಡಿದಳು. ಕೂಸು ಕಣ್ಣು ತೆರೆದು ಅವಳನ್ನೋ ಅವಳ ಹಿಂದಿನ ಕಿಟಕಿಯನ್ನೋ ನೋಡಿತು. ಎಷ್ಟೋ ಹೊತ್ತಿನಿಂದ ಬಾಯಲ್ಲಿ ಕಟ್ಟಿಟ್ಟುಕೊಂಡಿದ್ದ ಬೈಗುಳಗಳೆಲ್ಲ ಇಷ್ಟು ಚಿಕ್ಕ ಕಿವಿಗೆ ದೊಡ್ಡದಾದವು. "ಗಂಡಾ," ಎಂದಳು, "ಹೋಗು. ಅವಳ ಹತ್ರಾನೇ ಇರು." ಮಕ್ಪಾ ಮುಖ ತಿರುಗಿಸಿ ಮೆಟ್ಟಿಲಿಳಿದಳು. ಪೈಲಟ್ ಕೇಳಿದಾಗ ಲೀಟಿಯಾ ಮುಳ್ಳು ನೋಡಿ, ಇದ್ದದ್ದನ್ನು ಹೇಳಿದಳು. ವಿಮಾನ ಎದ್ದಿತು, ಕೊಲ್ಲಿಯ ಮೇಲೆ ಒಮ್ಮೆ ಬಾಗಿತು, ಉತ್ತರಕ್ಕೆ ಹೋಯಿತು.

ಸ್ವಲ್ಪ ಹೊತ್ತಿಗೆ ಫೋನು ಬಂತು. ಉಸಿರಾಟದಿಂದಲೇ ಊಲೂಟಿ ಎಂದು ತಿಳಿಯಿತು.

"ಅಕ್ಕಾ. ಹೊರಟ್ರಾ?"

"ಹೊರಟ್ರು."

"ದಾರೀಲಿ ಹವಾ ಹೇಗಿದೆ?"

"ಚೆನ್ನಾಗಿದೆ." ಅಲ್ಲಿಗೆ ಇಟ್ಟುಬಿಡಬಹುದಿತ್ತು. "ಆಗಲೂ ಚೆನ್ನಾಗಿತ್ತು, ಊಲೂಟಿ. ಅವನು ತಿಂಗಳು ದಾಟಿದ್ರೂ ಬರದೇ ಇದ್ದನಲ್ಲ ಆ ಏಪ್ರಿಲ್, ಪಾಂಡಿನಲ್ಲಿ ಒಂದು ದಿನವೂ ಗಾಳಿ ಇರಲಿಲ್ಲ. ದಿನಾ ಬೆಳಿಗ್ಗೆ ನಾನೇ ಕೇಳ್ತಿದ್ದೆ."

ತಂಗಿ ಬಾಯಿ ತೆರೆಯುವ ಮುಂಚೆ ಲೀಟಿಯಾಳಿಗೆ ತನ್ನ ಬಗ್ಗೆ ಒಂದು ವಿಷಯ ತಿಳಿದು ಹೇಸಿಗೆಯಾಯಿತು. ತಂಗಿ ಈಗ ಇಲ್ಲ ಅಕ್ಕಾ, ಬಿರುಗಾಳಿ ಇತ್ತು, ನಿನಗೆ ತಪ್ಪು ಕೇಳಿಸಿರಬೇಕು ಎಂದುಬಿಟ್ಟರೆ ಸಾಕೆಂದು ಅವಳು ಕಾಯುತ್ತಿದ್ದಳು. ಅಂದರೆ ನಂಬುತ್ತಿದ್ದಳು. ಈಗಲೂ, ಇಷ್ಟೆಲ್ಲ ಕಂಡ ಮೇಲೂ, ಬೆರಳನ್ನು ಕಂಡ ಮೇಲೂ, ನಂಬಿ, ಈ ಚಳಿಗಾಲಕ್ಕೆ ಮತ್ತೊಂದು ಜೊತೆ ಬೂಟು ಹೊಲಿದು ಕಳಿಸುತ್ತಿದ್ದಳು.

"ಇರಲಿಲ್ಲ," ಎಂದಳು ಊಲೂಟಿ. "ತುಂಬ ಬಿಸಿಲಿತ್ತು."

ಯಾರು ಮೊದಲು ಫೋನು ಇಟ್ಟರೋ ತಿಳಿಯಲಿಲ್ಲ. ಲೀಟಿಯಾ ಕೈಗಳನ್ನು ಮೇಜಿನ ಮೇಲೆ ಚಾಚಿಕೊಂಡು ಕೂತಳು. ಕೆಳಗೆ ಜೋಯಿಲಿ ಖಾಲಿ ಪೀಪಾಯಿಗಳನ್ನು ಉರುಳಿಸುತ್ತಿದ್ದ ಸದ್ದು. ಒಂದು ಗಂಟೆ ಎಂಬುದು ಎಷ್ಟು ಉದ್ದ ಎಂದು ಅವಳಿಗೆ ಎಂದೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅದನ್ನು ಬರೀ ಹೇಳಿದ್ದಳು. ಅದು ಕಳೆಯಿತು. ರೇಡಿಯೋದಲ್ಲಿ ಪಾಂಡಿನ ದನಿ, ವಿಮಾನ ಬಂದಿಳಿಯಿತು ಎಂದಿತು. ಮತ್ತೆ, ಎಂದಿನ ಕ್ರಮದಂತೆ, ಕ್ಲೈಡಿನ ಹವಾ ಹೇಳಿ ಎಂದಿತು.

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ, ಕೊಲ್ಲಿಯ ಆಚೆಯ ಬೆಟ್ಟದ ಪ್ರತಿ ಬಿರುಕೂ ಕಾಣುವುದನ್ನು ನೋಡಿ ಬಂದು, ಮೈಕನ್ನು ಹತ್ತಿರಕ್ಕೆಳೆದುಕೊಂಡಳು.

"ಗಾಳಿ ಇಲ್ಲ. ಮೋಡ ಇಲ್ಲ. ಕಣ್ಣು ಹಾಯುವಷ್ಟು ದೂರವೂ ಕಾಣುತ್ತಿದೆ."

"ಕ್ಲೈಡ್, ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ಅವಳು ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ ಹೇಳಿದಳು.